ಲಕ್ವ ಮತ್ತು ಕತ್ತಿನ ನರ: ಒಂದು ಚಿಕಿತ್ಸೆಯ ಚರಿತ್ರೆ

ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆದ ನಮ್ಮ ಚಾಚಾ ಒಂದು ದಿನ ಫಜ್ರ್ ನಮಾಝಿಗೆ ವುಝೂ ಮಾಡುತ್ತಿದ್ದರು. ಬಾಯಿ ಮುಕ್ಕಳಿಸಲು ತೆಗೆದುಕೊಂಡ ನೀರು ಬಲತುದಿಯಿಂದ ತಾನಾಗಿ ಸೋರಿಹೋಯಿತು. ಬಲಗೈಯಲ್ಲಿದ್ದ ತಂಬಿಗೆ ಕೆಳಗೆ ಬಿತ್ತು. ಚಾಚಿ ಓಡಿಬಂದು ಏನಾಯಿತೆಂದು ಕೇಳಿದರೆ ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲವೂ ಸರಿಯಾಯಿತು. "ಏನೂ ಆಗಿಲ್ಲ ಬಿಡ್ರಿ, ಕೈ ಜೋಮು ಹಿಡಿದಿತ್ತು" ಎಂದು ಅವರೇ ನಕ್ಕರು. ಅಂದು ಜುಮಾ. ಮಸೀದಿಗೆ ನಡೆದುಕೊಂಡೇ ಹೋಗಿ ಬಂದರು, ಸಂಜೆ ಎಂದಿನಂತೆ ಬೀಡಿ ಹಚ್ಚಿದರು. ಐದನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಬಲಗೈ, ಬಲಗಾಲು, ಮಾತು ಮೂರೂ ನಿಂತಿದ್ದವು.

ಆ ಹತ್ತು ನಿಮಿಷಕ್ಕೆ ದೊಡ್ಡ ಇತಿಹಾಸವಿದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಕೇಳಿದ, ಮನೆಗೆ ಬಂದು ಹುಡುಕಿ ಓದಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಈ ಕಾಯಿಲೆಗೆ ಯಾರೂ ಪಾರ್ಶ್ವವಾಯು ಎನ್ನುವುದಿಲ್ಲ, 'ಲಕ್ವ ಹೊಡೀತು' ಎನ್ನುತ್ತಾರೆ. ಹಿಂದೂ ಮನೆಯಲ್ಲೂ ಮುಸ್ಲಿಮ್ ಮನೆಯಲ್ಲೂ ಅದೇ ಮಾತು. ಅದು ಅರಬಿಯ 'ಲಖ್ವಾ'. ಅರಬಿ ವೈದ್ಯಗ್ರಂಥಗಳಲ್ಲಿ ಲಖ್ವಾ ಎಂದರೆ ಮುಖ ಮಾತ್ರ ಒಂದು ಕಡೆಗೆ ಸೊಟ್ಟಗಾಗುವುದು. ದೇಹದ ಅರ್ಧ ಭಾಗ ಸ್ವಾಧೀನ ತಪ್ಪಿದರೆ 'ಫಾಲಿಜ್', ಮನುಷ್ಯ ಒಮ್ಮೆಲೇ ಪ್ರಜ್ಞೆ ತಪ್ಪಿ ಬಿದ್ದರೆ 'ಸಕ್ತಾ'. ಇಬ್ನ್ ಸೀನಾ ಸುಮಾರು ಸಾವಿರ ವರ್ಷಗಳ ಹಿಂದೆ ತಮ್ಮ 'ಅಲ್ ಕಾನೂನ್ ಫಿತ್ತಿಬ್ಬ್' ಗ್ರಂಥದಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ವಿವರಿಸಿದ್ದಾರೆ. ನಮ್ಮ ಬಾಯಲ್ಲಿ ಮೂರೂ ಸೇರಿ ಒಂದೇ ಲಕ್ವ ಆಗಿಬಿಟ್ಟಿದೆ. ಮುಖದ ನರವೊಂದೇ ಸೋತು ಬಾಯಿ ಸೊಟ್ಟಗಾಗುವ ಕಾಯಿಲೆ ಬಹಳ ಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಪಾರಿವಾಳದ ರಕ್ತ ಹಚ್ಚಿದವನಿಗೆ, ನಾಟಿ ಎಣ್ಣೆ ತಿಕ್ಕಿದವನಿಗೆ ಹೆಸರು ಬರುವುದು ಇಂಥ ರೋಗಿಗಳಿಂದ. ಮಿದುಳಿಗೆ ರಕ್ತ ನಿಂತು ಬಿದ್ದವನನ್ನೂ ಅದೇ ಎಣ್ಣೆಯವನ ಬಳಿ ಒಯ್ಯುತ್ತೇವೆ. ಎರಡಕ್ಕೂ ಹೆಸರು ಒಂದೇ ಅಲ್ಲವೇ!

ಇನ್ನೊಂದು ಹೆಸರು ಕತ್ತಿನದು. ಗಂಟಲಿನ ಗಡ್ಡೆಯ ಪಕ್ಕದಲ್ಲಿ ಬೆರಳಿಟ್ಟರೆ ಮಿಡಿಯುವ ದೊಡ್ಡ ರಕ್ತನಾಳಕ್ಕೆ ವೈದ್ಯರು ಕ್ಯಾರೋಟಿಡ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಮಂಪರು, ಗಾಢ ನಿದ್ರೆ ಎಂಬ ಅರ್ಥದ ಶಬ್ದದಿಂದ ಬಂದ ಹೆಸರು ಅದು. ಇದನ್ನು ಒತ್ತಿ ಹಿಡಿದರೆ ಪ್ರಾಣಿಗೆ ಮಂಪರು ಬರುತ್ತದೆಂದು ಹಳಬರು ಕಂಡಿದ್ದರು. ಅರಬಿಯಲ್ಲಿ ಇದು 'ಶಿರ್ಯಾನ್ ಸುಬಾತೀ'. ಅನ್ನಬಅ್ ಸೂರಃದ ಒಂಬತ್ತನೆಯ ಆಯತ್ ಬಲ್ಲವರಿಗೆ 'ಸುಬಾತ್' ಶಬ್ದ ಹೊಸದಲ್ಲ. ಇಷ್ಟೆಲ್ಲ ತಿಳಿದಿದ್ದರೂ ಕತ್ತಿನ ಈ ನಾಳಕ್ಕೂ ಲಕ್ವಕ್ಕೂ ಇರುವ ನಂಟನ್ನು ವೈದ್ಯರು ಗಟ್ಟಿಯಾಗಿ ಹಿಡಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಸುಳಿವು ಮೊದಲೇ ಇತ್ತು. ಸ್ವಿಟ್ಜರ್ಲೆಂಡಿನ ಯೋಹಾನ್ ಯಾಕೋಬ್ ವೆಪ್ಫರ್ ಸತ್ತವರ ತಲೆ ತೆರೆದು ನೋಡಿ, ಇದು ಮಿದುಳಿನಲ್ಲಿ ರಕ್ತ ಸೋರುವುದರಿಂದ ಬರುವ ಕಾಯಿಲೆ, ರಕ್ತ ಹೋಗುವ ದಾರಿ ಕಟ್ಟಿದರೂ ಬರಬಹುದು ಎಂದು 1658ರಲ್ಲೇ ಬರೆದರು. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1664ರಲ್ಲಿ ಮಿದುಳಿನ ಬುಡದಲ್ಲಿ ರಕ್ತನಾಳಗಳು ಒಂದಕ್ಕೊಂದು ಕೂಡಿ ಬಳೆಯಂತಾಗಿರುವುದನ್ನು ವಿವರಿಸಿದರು. ಒಂದು ಕಡೆಯ ನಾಳ ಕಟ್ಟಿದರೂ ಕೆಲವರಿಗೆ ಏನೂ ಆಗದಿರುವುದು ಈ ಬಳೆಯ ಪುಣ್ಯ.

ಆದರೆ ಬದುಕಿರುವವನ ಕತ್ತಿನೊಳಗೆ ನೋಡುವುದು ಹೇಗೆ? 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಕತ್ತಿನ ನಾಳಕ್ಕೆ ಬಣ್ಣದ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆದು ಮಿದುಳಿನ ರಕ್ತನಾಳಗಳ ಚಿತ್ರ ಮೂಡಿಸಿದರು. ಇಂದಿನ ಆಂಜಿಯೋಗ್ರಾಂ ಅಲ್ಲಿಂದ ಬಂದದ್ದು. ವಿಚಿತ್ರವೆಂದರೆ ಅವರಿಗೆ 1949ರಲ್ಲಿ ನೊಬೆಲ್ ಬಂದದ್ದು ಇದಕ್ಕಲ್ಲ. ಮಾನಸಿಕ ರೋಗಿಗಳ ಮಿದುಳಿನ ಎಳೆ ಕತ್ತರಿಸುವ, ಈಗ ಎಲ್ಲರೂ ಕೈಬಿಟ್ಟಿರುವ ಒಂದು ಶಸ್ತ್ರಚಿಕಿತ್ಸೆಗೆ.

ನಮ್ಮ ಚಾಚಾನ ಹತ್ತು ನಿಮಿಷವನ್ನು ಮೊದಲು ಓದಿ ಅರ್ಥ ಮಾಡಿಕೊಂಡವರು ಕೆನಡಾದ ಮಿಲ್ಲರ್ ಫಿಶರ್. ಎರಡನೆಯ ಮಹಾಯುದ್ಧದಲ್ಲಿ ಅವರಿದ್ದ ಹಡಗು ಮುಳುಗಿ, ವರ್ಷಗಟ್ಟಲೆ ಜರ್ಮನರ ಸೆರೆಯಲ್ಲಿದ್ದು ಬಂದ ವೈದ್ಯರು. ಲಕ್ವ ಹೊಡೆದವರನ್ನು ಕೂರಿಸಿಕೊಂಡು ಅವರು ಕೇಳುತ್ತಿದ್ದ ಪ್ರಶ್ನೆ ಸರಳ: ಇದಕ್ಕೆ ಮೊದಲು ಏನಾದರೂ ಆಗಿತ್ತೇ? ಆಗಿತ್ತು ಎನ್ನುತ್ತಿದ್ದರು ರೋಗಿಗಳು. ಒಂದು ಕಣ್ಣಿಗೆ ಪರದೆ ಇಳಿಬಿಟ್ಟಂತೆ ಕತ್ತಲಾಗಿ ಸ್ವಲ್ಪ ಹೊತ್ತಿಗೆ ಸರಿಹೋಗಿತ್ತು, ಕೈ ಮರಗಟ್ಟಿ ಬಿಟ್ಟಿತ್ತು, ಮಾತು ತಡವರಿಸಿತ್ತು. ಅಂಥವರು ಸತ್ತಾಗ ಫಿಶರ್ ಮಿದುಳನ್ನಷ್ಟೇ ನೋಡದೆ ಕತ್ತನ್ನೂ ನೋಡಿದರು. ಕ್ಯಾರೋಟಿಡ್ ಎರಡಾಗಿ ಕವಲೊಡೆಯುವ ಜಾಗದಲ್ಲಿ, ದವಡೆಯ ಮೂಳೆಯ ಸ್ವಲ್ಪ ಕೆಳಗೆ, ಕೊಬ್ಬು ಸುಣ್ಣ ಸೇರಿ ಗಟ್ಟಿಯಾಗಿ ದಾರಿ ಮುಚ್ಚಿತ್ತು. 1951ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮುನ್ಸೂಚನೆಯ ಆ ಚಿಕ್ಕ ಅವಧಿಯಲ್ಲೇ ಶಸ್ತ್ರವೈದ್ಯರು ದಾರಿ ತೆರೆಯುವ ಕಾಲ ಬರಬಹುದು ಎಂದೂ ಸೂಚಿಸಿದರು.

ಕಬ್ಬಿಗೆ ಹನಿ ನೀರಾವರಿ ಮಾಡಿದ ಅಥಣಿ, ಕಾಗವಾಡದ ರೈತರಿಗೆ ಈ ಕೆಲಸದ ಬಗೆ ಬೇಗ ತಿಳಿಯುತ್ತದೆ. ದೊಡ್ಡ ಪೈಪಿನ ಒಳಗೋಡೆಗೆ ಉಪ್ಪು ಕಟ್ಟುತ್ತದೆ. ಅದರಿಂದ ನೀರಿನ ಒತ್ತಡ ಕಡಿಮೆಯಾಗುವುದು ಒಂದು ತೊಂದರೆ. ಅದಕ್ಕಿಂತ ಹೆಚ್ಚಿನದು, ಕಟ್ಟಿದ ಉಪ್ಪಿನ ಚೂರು ಕಿತ್ತುಬಂದು ಮುಂದಿನ ಸಣ್ಣ ರಂಧ್ರದಲ್ಲಿ ಸಿಕ್ಕಿಕೊಳ್ಳುವುದು. ಆ ಗಿಡ ಒಣಗುತ್ತದೆ. ಕತ್ತಿನಲ್ಲೂ ಹಾಗೆಯೇ. ಚೂರು ಚಿಕ್ಕದಾಗಿದ್ದು ಕರಗಿಹೋದರೆ ಹತ್ತು ನಿಮಿಷದ ಜೋಮು, ದೊಡ್ಡದಾಗಿದ್ದು ಸಿಕ್ಕಿಕೊಂಡರೆ ಲಕ್ವ. ಚೂರು ಕರಗಿದ್ದರೂ ಅದು ಕಿತ್ತುಬಂದ ಜಾಗ ಹಾಗೆಯೇ ಇರುತ್ತದೆ.

ಫಿಶರ್ ಹೇಳಿದ ಕಾಲ ಬರಲು ತಡವಾಗಲಿಲ್ಲ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಕರ್ರಿಯಾ ಮತ್ತು ಸಂಗಡಿಗರು 1951ರಲ್ಲೇ ಒಬ್ಬರ ಕತ್ತಿನ ಕಿರಿದಾದ ಭಾಗವನ್ನು ಕತ್ತರಿಸಿ ತೆಗೆದು ನಾಳವನ್ನು ಜೋಡಿಸಿದರು. 1953ರ ಆಗಸ್ಟ್ 7ರಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ, ಲೆಬನಾನಿನಿಂದ ವಲಸೆ ಬಂದ ಕುಟುಂಬದ ಮೈಕೆಲ್ ಡಿಬೇಕಿ 53 ವರ್ಷದ ಬಸ್ ಚಾಲಕನೊಬ್ಬನ ಕತ್ತು ತೆರೆದು, ನಾಳವನ್ನು ಸೀಳಿ, ಒಳಗೆ ಕಟ್ಟಿದ್ದ ಪದರವನ್ನು ಸುಲಿದು ತೆಗೆದು ಮತ್ತೆ ಹೊಲಿದರು. ಆತ ಆಮೇಲೆ 19 ವರ್ಷ ಬದುಕಿದ್ದ. ಸತ್ತದ್ದು ಹೃದಯದ ಕಾಯಿಲೆಯಿಂದ. ಡಿಬೇಕಿ ಇದನ್ನು ವಿವರವಾಗಿ ಬರೆದದ್ದು 1975ರಲ್ಲಿ. ಅಷ್ಟರಲ್ಲಿ ಹೆಸರು ಲಂಡನ್ನಿಗೆ ಹೋಗಿತ್ತು. ಅಲ್ಲಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ 1954ರ ಮೇ 19ರಂದು ಈಸ್ಟ್‌ಕಾಟ್, ಪಿಕರಿಂಗ್, ರಾಬ್ ಎಂಬ ಮೂವರು 66 ವರ್ಷದ ಹೆಂಗಸೊಬ್ಬರಿಗೆ ಚಿಕಿತ್ಸೆ ಮಾಡಿದರು. ಬಂದು ಹೋಗುವ ಸೆಳವು ಆಕೆಗೆ ಮೂವತ್ತಕ್ಕೂ ಹೆಚ್ಚು ಬಾರಿ ಆಗಿತ್ತು. ಕತ್ತಿನ ನಾಳವನ್ನು ಚಿಮಟದಿಂದ ಬಿಗಿದಾಗ ಮಿದುಳು ರಕ್ತವಿಲ್ಲದೆ ಎಷ್ಟು ಹೊತ್ತು ತಡೆದೀತು ಎಂಬ ಭಯ. ಅದಕ್ಕಾಗಿ ಆಕೆಯ ಮೈಗೆ ಮಂಜುಗಡ್ಡೆಯ ಚೀಲಗಳನ್ನಿಟ್ಟು ದೇಹದ ಬಿಸಿಯನ್ನು 28 ಡಿಗ್ರಿಗೆ ಇಳಿಸಿದರು. ಸೆಳವು ನಿಂತಿತು.

ಆ ಹೊತ್ತಿನಲ್ಲಿ ನಮ್ಮ ಈ ಐದು ಊರುಗಳು ಮುಂಬಯಿ ರಾಜ್ಯದಲ್ಲಿದ್ದವು. ಕನ್ನಡ ನಾಡಿಗೆ ಸೇರಿದ್ದು 1956ರಲ್ಲಿ. ದೊಡ್ಡ ಕಾಯಿಲೆಯೆಂದರೆ ಜನ ನೋಡುತ್ತಿದ್ದದ್ದು ಮಿರಜದ ಕಡೆ. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ವೈದ್ಯರು 1894ರಲ್ಲಿ ಅಲ್ಲಿ ತೆರೆದ ಆಸ್ಪತ್ರೆಗೆ ಕೃಷ್ಣಾ ತೀರದ ಹಳ್ಳಿಗಳಿಂದ ಚಕ್ಕಡಿಯಲ್ಲಿ ಹೋಗುತ್ತಿದ್ದರು. ಶೇಡಬಾಳ, ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳಲ್ಲಿ ರೈಲು ಹತ್ತುತ್ತಿದ್ದರು. ಕಣ್ಣಿನ ಪೊರೆಗೆ, ಗಡ್ಡೆಗೆ ಅಲ್ಲಿ ಚಿಕಿತ್ಸೆಯಿತ್ತು. ಇತ್ತ ಘಟಪ್ರಭೆಯಲ್ಲಿ ಕೊಕಟನೂರ, ಹರ್ಡೀಕರ ವೈದ್ಯರು ಕಟ್ಟಿದ ಕರ್ನಾಟಕ ಆರೋಗ್ಯಧಾಮ 1929ರಿಂದ ಇತ್ತು. ಲಕ್ವಕ್ಕೆ ಮಾತ್ರ ಎಲ್ಲಿ ಹೋದರೂ ಹಾಸಿಗೆ, ಎಣ್ಣೆ, ದುಆ. ಅದರಲ್ಲಿ ನಮ್ಮವರ ತಪ್ಪೇನಿಲ್ಲ. ಲಂಡನ್ನಿನಲ್ಲೂ 1954ರ ತನಕ ಹೆಚ್ಚುಕಡಿಮೆ ಅಷ್ಟೇ ಇತ್ತು. ನಮ್ಮ ದೇಶದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಪ್ರತ್ಯೇಕ ವಿಭಾಗ ಶುರುವಾದದ್ದೇ 1949ರಲ್ಲಿ, ವೆಲ್ಲೂರಿನಲ್ಲಿ, ಡಾ. ಜೇಕಬ್ ಚಾಂಡಿ ಅವರಿಂದ. ಮುಂಬಯಿಯ ಡಾ. ಪಿ. ಎಂ. ದಲಾಲ್ ಮತ್ತು ಸಂಗಡಿಗರು ಆಂಜಿಯೋಗ್ರಾಂ ತೆಗೆದು, ಮಿದುಳಿನ ನಾಳದಲ್ಲಿ ಸಿಕ್ಕಿದ ಹೆಪ್ಪು ತಾನಾಗಿ ಕರಗುವುದನ್ನು ತೋರಿಸಿ 1965ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಬಂದು ಹೋಗುವ ಸೆಳವು ಸುಳ್ಳಲ್ಲ, ನಿಜವಾಗಿಯೂ ದಾರಿ ಕಟ್ಟಿ ಬಿಟ್ಟುಕೊಳ್ಳಬಲ್ಲದು ಎಂಬುದಕ್ಕೆ ಅದೊಂದು ಸಾಕ್ಷಿ.

ಇಲ್ಲಿಂದ ಮುಂದಿನ ಕಥೆ ಬರೀ ಗೆಲುವಿನದಲ್ಲ. ನನಗೆ ಹೆಚ್ಚು ಹಿಡಿಸಿದ ಭಾಗವೂ ಇದೇ. ಶಸ್ತ್ರಚಿಕಿತ್ಸೆ ಸಾಧ್ಯ ಎಂದು ಗೊತ್ತಾದೊಡನೆ ಎಲ್ಲರೂ ಮಾಡತೊಡಗಿದರು. 1985ರಲ್ಲಿ ಅಮೆರಿಕವೊಂದರಲ್ಲೇ ಲಕ್ಷಕ್ಕೂ ಮೀರಿ ಕತ್ತುಗಳು ತೆರೆದವು. ಇದರಿಂದ ಲಕ್ವ ನಿಜವಾಗಿ ತಪ್ಪುತ್ತಿದೆಯೇ ಅಥವಾ ಶಸ್ತ್ರದಿಂದಲೇ ಕೆಲವರಿಗೆ ಲಕ್ವ ಬರುತ್ತಿದೆಯೇ ಎಂದು ಗಟ್ಟಿಯಾಗಿ ಅಳೆದು ನೋಡಿದವರಿರಲಿಲ್ಲ. ಇನ್ನೊಂದು ಕಡೆ ತುರ್ಕಿಯಲ್ಲಿ ಹುಟ್ಟಿದ, ಕಳೆದ ವರ್ಷಗಳ ಬಹುದೊಡ್ಡ ಮಿದುಳು ಶಸ್ತ್ರವೈದ್ಯರೆಂದು ಹೆಸರಾದ ಗಾಝಿ ಯಾಶರ್ಗಿಲ್ 1967ರಲ್ಲಿ ಝೂರಿಕ್‌ನಲ್ಲಿ ಸೂಕ್ಷ್ಮದರ್ಶಕದಡಿ ನೆತ್ತಿಯ ಚರ್ಮದ ನಾಳವನ್ನು ತಲೆಬುರುಡೆಯೊಳಗಿನ ನಾಳಕ್ಕೆ ಜೋಡಿಸಿದ್ದರು. ಮುಚ್ಚಿದ ರಸ್ತೆಗೆ ಬೈಪಾಸ್ ಮಾಡಿದಂತೆ. ಕೇಳಿದರೆ ಯಾರಿಗಾದರೂ ಸರಿಯೆನ್ನಿಸುವ ಉಪಾಯ. ಕೆನಡಾದ ಹೆನ್ರಿ ಬಾರ್ನೆಟ್ ಮುಂದಾಳುತನದಲ್ಲಿ 1,377 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಬೈಪಾಸ್, ಇನ್ನೊಂದಕ್ಕೆ ಔಷಧಿ ಮಾತ್ರ ಕೊಟ್ಟು ವರ್ಷಗಟ್ಟಲೆ ನೋಡಿದರು. 1985ರಲ್ಲಿ ಫಲಿತಾಂಶ ಬಂತು: ಬೈಪಾಸಿನಿಂದ ಲಾಭವಿಲ್ಲ. ಶಸ್ತ್ರವೈದ್ಯರು ಸಿಟ್ಟಾದರು, ವಾದ ಮಾಡಿದರು. ಆದರೆ ಆ ಚಿಕಿತ್ಸೆ ಬಹುಮಟ್ಟಿಗೆ ನಿಂತಿತು.

ಅದೇ ಬಾರ್ನೆಟ್ ಮುಂದೆ ಕತ್ತಿನ ಚಿಕಿತ್ಸೆಯನ್ನೂ ಅದೇ ತಕ್ಕಡಿಯಲ್ಲಿಟ್ಟರು. ಈ ಬಾರಿ ತಕ್ಕಡಿ ಇನ್ನೊಂದು ಕಡೆ ವಾಲಿತು. ಆಗಲೇ ಸೆಳವು ಬಂದವರಲ್ಲಿ, ನಾಳ 70ರಿಂದ 99 ಶೇಕಡಾ ಕಿರಿದಾಗಿದ್ದರೆ, ಬರೀ ಔಷಧಿ ತೆಗೆದುಕೊಂಡವರಲ್ಲಿ ಎರಡು ವರ್ಷದೊಳಗೆ ನೂರಕ್ಕೆ 26 ಮಂದಿಗೆ ಅದೇ ಕಡೆಯ ಲಕ್ವ ಬಂತು. ಶಸ್ತ್ರಚಿಕಿತ್ಸೆ ಆದವರಲ್ಲಿ 9 ಮಂದಿಗೆ. ವ್ಯತ್ಯಾಸ ಇಷ್ಟು ಸ್ಪಷ್ಟವಾದ್ದರಿಂದ ಈ ಗುಂಪಿನ ಪ್ರಯೋಗವನ್ನು 1991ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿ ಎಲ್ಲರಿಗೂ ತಿಳಿಸಿದರು. ಯುರೋಪಿನ ಪ್ರಯೋಗವೂ ಅದೇ ವರ್ಷ ಅದೇ ಮಾತು ಹೇಳಿತು. ಕಿರಿದಾದದ್ದು ಅರ್ಧಕ್ಕಿಂತ ಕಡಿಮೆಯಿದ್ದರೆ ಶಸ್ತ್ರದಿಂದ ಪ್ರಯೋಜನವಿಲ್ಲ ಎಂಬುದೂ ತಿಳಿಯಿತು. ಆಮೇಲೆ ಆಕ್ಸ್‌ಫರ್ಡಿನ ಪೀಟರ್ ರಾತ್‌ವೆಲ್ ಇವೇ ಲೆಕ್ಕಗಳನ್ನು ಕೂಡಿಸಿ ನೋಡಿ, ಸೆಳವು ಬಂದ ಎರಡು ವಾರದೊಳಗೆ ಮಾಡಿದರೆ ಲಾಭ ಅತಿ ಹೆಚ್ಚು, ತಡವಾದಷ್ಟೂ ಇಳಿಯುತ್ತದೆ ಎಂದು 2004ರಲ್ಲಿ ತೋರಿಸಿದರು. 2007ರಲ್ಲಿ ಅವರದೇ ಇನ್ನೊಂದು ಅಧ್ಯಯನ: ಚಿಕ್ಕ ಸೆಳವು ಬಂದವರನ್ನು ಕಾಯಿಸದೆ ಅಂದೇ ನೋಡಿ ಔಷಧಿ ಶುರು ಮಾಡಿದರೆ, ಮೂರು ತಿಂಗಳೊಳಗೆ ಮತ್ತೆ ಲಕ್ವ ಬರುವವರ ಪ್ರಮಾಣ ನೂರಕ್ಕೆ 10ರಿಂದ 2ಕ್ಕೆ ಇಳಿಯಿತು. ಇಲ್ಲಿ ಬಹಳಷ್ಟು ಕೆಲಸ ಮಾಡಿದ್ದು ಕತ್ತಿಯಲ್ಲ, ರಕ್ತ ಹೆಪ್ಪುಗಟ್ಟದ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ, ಬಿ.ಪಿ. ಮಾತ್ರೆ. ಅಗ್ಗದ ಮಾತ್ರೆಗಳು. ಆದರೆ ಮೊದಲು ಸ್ಕ್ಯಾನ್ ಆಗಬೇಕು. ರಕ್ತ ಸೋರಿ ಬಂದ ಲಕ್ವಕ್ಕೆ ಇದೇ ಮಾತ್ರೆ ವಿಷವಾದೀತು.

ಈಗ ತಂತಿಯ ಕಥೆ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಿಕೊಳ್ಳಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ನಾಳವನ್ನು ಒಳಗಿನಿಂದಲೇ ತಂತಿ, ಕೊಳವೆ ತೂರಿಸಿ ಅಗಲ ಮಾಡಿದರು. ಕಾಲು ಉಳಿಯಿತು. ಜರ್ಮನಿಯ ಆಂಡ್ರಿಯಾಸ್ ಗ್ರುಂಟ್ಸಿಗ್ ತಮ್ಮ ಅಡುಗೆಮನೆಯ ಮೇಜಿನ ಮೇಲೆ ಕೊಳವೆಯ ತುದಿಗೆ ಪುಟ್ಟ ಬಲೂನು ಅಂಟಿಸಿ ಅಂಟಿಸಿ ಕಲಿತು, 1977ರಲ್ಲಿ ಹೃದಯದ ನಾಳವನ್ನು ಉಬ್ಬಿಸಿದರು. ಇಂದು ನಮ್ಮ ಕಡೆ ಯಾವ ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಲ್ಲ! ಕತ್ತಿನ ನಾಳಕ್ಕೆ ಬಲೂನು ಒಯ್ಯಲು ಮಾತ್ರ ವೈದ್ಯರು ಬಹಳ ಅಂಜಿದರು. ಬಲೂನು ಉಬ್ಬಿದಾಗ ಕಿತ್ತುಬರುವ ಚೂರು ನೇರ ಮಿದುಳಿಗೇ ಹೋಗುತ್ತದಲ್ಲ. ಅದಕ್ಕೆ ಮುಂದೆ ಕೊಡೆಯಂಥ ಸಣ್ಣ ಜಾಲರಿ ಬಿಚ್ಚಿ ಚೂರು ಹಿಡಿಯುವ ಉಪಾಯ ಬಂತು. 2010ರಲ್ಲಿ 2,502 ರೋಗಿಗಳ ದೊಡ್ಡ ಪ್ರಯೋಗವೊಂದು ಸ್ಟೆಂಟನ್ನೂ ಶಸ್ತ್ರವನ್ನೂ ಎದುರುಬದುರು ನಿಲ್ಲಿಸಿತು. ಒಟ್ಟು ಲೆಕ್ಕದಲ್ಲಿ ಎರಡೂ ಸಮ. ಬಿಡಿಸಿ ನೋಡಿದರೆ, ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಸ್ಟೆಂಟ್ ಹಾಕಿದವರಲ್ಲಿ ಲಕ್ವ ಹೆಚ್ಚು, ಶಸ್ತ್ರ ಆದವರಲ್ಲಿ ಹೃದಯಾಘಾತ ಹೆಚ್ಚು. ಎಪ್ಪತ್ತು ದಾಟಿದವರಿಗೆ ಶಸ್ತ್ರವೇ ಮೇಲು ಎಂಬ ಸೂಚನೆ ಕಂಡಿತು.

ಇದನ್ನು ಯಾಕೆ ಹೇಳಿದೆನೆಂದರೆ, ಚಾಚಾನ ಎಡಗಡೆ ನಾಳ 80 ಶೇಕಡಾ ಕಿರಿದಾಗಿದೆ ಎಂದು ವೈದ್ಯರು ಹೇಳಿದಾಗ ನಮ್ಮ ಮನೆಯವರೆಲ್ಲ ಒಂದೇ ಸಮನೆ ಕೂಗಿದ್ದು, "ಕುತ್ತಿಗಿ ಕೊಯ್ಯೂದು ಬ್ಯಾಡ್ರಿ ಡಾಕ್ಟರ್ ಸಾಹೇಬ್ರ, ರೊಕ್ಕ ಎಷ್ಟಾದ್ರೂ ಆಗ್ಲಿ, ಸ್ಟೆಂಟ್ ಹಾಕ್ರಿ" ಎಂದು. ಹೊಸದು, ದುಬಾರಿ, ಕೊಯ್ಯದೇ ಆಗುವಂಥದು. ಹಾಗಾಗಿ ಅದೇ ಒಳ್ಳೆಯದು ಎಂಬುದು ನಮ್ಮ ಲೆಕ್ಕ. ಆ ತರುಣ ವೈದ್ಯರು ಸಿಟ್ಟಾಗದೆ ಕಾಗದದ ಮೇಲೆ ಚಿತ್ರ ಬರೆದು, 72 ವರ್ಷದ, ಹೃದಯ ಗಟ್ಟಿಯಿರುವ ಈ ಮನುಷ್ಯನಿಗೆ ಹಳೆಯ ಚಿಕಿತ್ಸೆಯೇ ಯಾಕೆ ಸುರಕ್ಷಿತ ಎಂದು ವಿವರಿಸಿದರು.

ತಲೆಬುರುಡೆಯ ಒಳಗಿನ ನಾಳಗಳ ಮಾತು ಬೇರೆ. ಬಿಳಿಯರಿಗೆ ಹೋಲಿಸಿದರೆ ಭಾರತೀಯರೂ ಸೇರಿ ಏಷ್ಯಾದವರಲ್ಲಿ ನಾಳ ಕಿರಿದಾಗುವುದು ಹೆಚ್ಚಾಗಿ ಅಲ್ಲೇ. ಅಲ್ಲಿಗೂ ಸ್ಟೆಂಟ್ ಒಯ್ದರು. 2011ರಲ್ಲಿ 451 ರೋಗಿಗಳ ಮೇಲಿನ ಅಮೆರಿಕದ ಪ್ರಯೋಗ ಅದನ್ನು ತಡೆಯಿತು: 30 ದಿನದೊಳಗೆ ಲಕ್ವ ಅಥವಾ ಸಾವು, ಸ್ಟೆಂಟ್ ಹಾಕಿದವರಲ್ಲಿ ನೂರಕ್ಕೆ 14.7, ಔಷಧಿ ಮತ್ತು ಪಥ್ಯ ಬಿಗಿಯಾಗಿ ನಡೆಸಿದವರಲ್ಲಿ 5.8. ಬಾಗಿಲು ಕಿರಿದಾಗಿದೆಯೆಂದು ಕಂಡೊಡನೆ ಒಡೆದು ಅಗಲ ಮಾಡಬೇಕಾಗಿಲ್ಲ ಎಂದು ವೈದ್ಯಲೋಕ ಎರಡನೆಯ ಬಾರಿ ಕಲಿತದ್ದು ಹೀಗೆ.

ಲಕ್ವ ಹೊಡೆದೇಬಿಟ್ಟ ಮೇಲೆ ತಂತಿ ಹಾಕಿ ಹೆಪ್ಪನ್ನು ಎಳೆದು ತೆಗೆಯುವುದು ಮಾತ್ರ ಗೆದ್ದಿತು. ಹೆಪ್ಪು ಕರಗಿಸುವ ಇಂಜೆಕ್ಷನ್ 1995ರಲ್ಲಿ ಬಂದಾಗ ಅದಕ್ಕೆ ಮೂರು ಗಂಟೆಯ ಗಡುವು. ಮುಂದೆ ಅದು ನಾಲ್ಕೂವರೆ ಗಂಟೆಯಾಯಿತು. ದೊಡ್ಡ ಹೆಪ್ಪು ಅದಕ್ಕೆ ಜಗ್ಗುವುದಿಲ್ಲ. ನೆದರ್‌ಲ್ಯಾಂಡ್ಸಿನ 500 ರೋಗಿಗಳ ಪ್ರಯೋಗದ ಹಿಂದೆಯೇ 2015ರಲ್ಲಿ ಇನ್ನೂ ನಾಲ್ಕು ಪ್ರಯೋಗಗಳು ತೊಡೆಯ ನಾಳದಿಂದ ಕೊಳವೆ ಒಯ್ದು ಹೆಪ್ಪು ತೆಗೆದರೆ ಹೆಚ್ಚು ಜನ ತಮ್ಮ ಕಾಲ ಮೇಲೆ ತಾವು ನಡೆಯುತ್ತಾರೆ ಎಂದು ತೋರಿಸಿದವು. 2018ರಲ್ಲಿ, ಸ್ಕ್ಯಾನ್ ನೋಡಿ ಆಯ್ದ ಕೆಲವರಿಗೆ 24 ಗಂಟೆಯವರೆಗೂ ಇದು ಸಾಧ್ಯ ಎಂದಾಯಿತು. 'ಕೆಲವರಿಗೆ' ಎಂಬುದನ್ನು ಮರೆತು ಒಂದು ದಿನ ಸಮಯವಿದೆ ಎಂದು ಕೂರುವ ಹಾಗಿಲ್ಲ.

ನಮ್ಮ ಗಡಿ ತಾಲೂಕುಗಳಿಗೆ ಈ ಗಂಟೆಗಳ ಲೆಕ್ಕವೇ ಕಷ್ಟದ್ದು. ಕಾಗವಾಡದವರಿಗೆ ಮಿರಜ ಇಪ್ಪತ್ತು ಕಿಲೋಮೀಟರಿನೊಳಗೆ. ನಿಪ್ಪಾಣಿಯವರಿಗೆ ಕೊಲ್ಹಾಪುರ ಸುಮಾರು 40. ಬೆಳಗಾವಿ ಅದಕ್ಕಿಂತ ದೂರ, ಅಥಣಿಯಿಂದಂತೂ ನೂರು ಕಿಲೋಮೀಟರು ದಾಟುತ್ತದೆ. ಹತ್ತಿರದ್ದು ಬೇರೆ ರಾಜ್ಯ, ನಮ್ಮ ರಾಜ್ಯದ್ದು ದೂರ. ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿ.ಟಿ. ಸ್ಕ್ಯಾನ್ ಇದೆ, ಎಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ, ಎಲ್ಲಿ ತಂತಿ ಹಾಕುವವರಿದ್ದಾರೆ, ನಮ್ಮ ಆಯುಷ್ಮಾನ್ ಕಾರ್ಡು ಗಡಿಯಾಚೆ ನಡೆಯುತ್ತದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಆಪತ್ತಿಲ್ಲದ ದಿನ ಒಬ್ಬರು ಹೋಗಿ ಕೇಳಿಕೊಂಡು ಬಂದು ಮಸೀದಿಯ ಫಲಕದ ಮೇಲೆ ಬರೆದಿಟ್ಟರೆ ಜಮಾಅತಿನ ಎಲ್ಲರಿಗೂ ಆಗುತ್ತದೆ. ಚಾಚಾ ಬಿದ್ದ ದಿನ ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರ ಕೆಟ್ಟಿತ್ತು. ಸಲೈನ್ ಹಚ್ಚಿ ಮಧ್ಯಾಹ್ನದವರೆಗೆ ಮಲಗಿಸಿದರು. ಎರಡನೆಯದನ್ನು ಮುಟ್ಟುವಷ್ಟರಲ್ಲಿ ಇಂಜೆಕ್ಷನ್ನಿನ ಗಡುವು ಮುಗಿದಿತ್ತು.

ಹನ್ನೊಂದನೆಯ ದಿನ ಅವರ ಕತ್ತಿನ ಶಸ್ತ್ರಚಿಕಿತ್ಸೆಯಾಯಿತು. ಅದು ಹೋದ ಕೈಯನ್ನು ತರುವುದಿಲ್ಲ, ಇನ್ನೊಂದು ಹೊಡೆತವನ್ನು ತಡೆಯಲಿಕ್ಕೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಕಿವಿಯ ಕೆಳಗಿನಿಂದ ಇಳಿದ ಗಾಯದ ಗೆರೆ ಈಗ ಗಡ್ಡದಲ್ಲಿ ಮರೆಯಾಗಿದೆ. ಬೀಡಿ ಬಿಟ್ಟಿದ್ದಾರೆ. ಮಾತು ಮುಕ್ಕಾಲು ಬಂದಿದೆ. ಬಲಗೈಯಲ್ಲಿ ಚಹಾದ ಬಸಿ ಹಿಡಿಯುತ್ತಾರೆ, ಪೆನ್ನು ಹಿಡಿಯಲಾಗುವುದಿಲ್ಲ. ವಖಾರಿಯ ಲೆಕ್ಕವನ್ನು ಈಗ ಮೊಮ್ಮಗ ಬರೆಯುತ್ತಾನೆ, ಚಾಚಾ ಪಕ್ಕದಲ್ಲಿ ಕುಳಿತು ಅಂಕಿ ಹೇಳುತ್ತಾರೆ.